ಆಡುವ ಮಾತು, ಕಾಡುವ ನೋವು

ಕಂಪ್ಯೂಟರ್ ಕಚೇರಿಗಳಲ್ಲಿ ಎಲ್ಲರನ್ನೂ ಒಳಗೊಳ್ಳುವ ಭಾಷೆ ಏಕೆ ಬೇಕು?

ಹಬ್ಬಕ್ಕೋ ಜಾತ್ರೆಗೋ ಬೆಂಗಳೂರಿನಿಂದ ಊರಿಗೆ ಬಂದ ಮಗನನ್ನು, ಮಗಳನ್ನು ನೀವು ಏನೇನು ಕೇಳುತ್ತೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ರಾತ್ರಿ ನಿದ್ದೆ ಬರುತ್ತದೆಯೇ, ಯಾಕೆ ಇಷ್ಟು ಬಡವಾಗಿದ್ದೀಯ, ಕಣ್ಣು ಯಾಕೆ ಕೆಂಪಗಿದೆ. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇನ್ನೊಂದು ಪ್ರಶ್ನೆಯನ್ನು ಬಹಳಷ್ಟು ತಂದೆತಾಯಿಗಳು ಕೇಳುವುದಿಲ್ಲ: "ಆಫೀಸಿನಲ್ಲಿ ನಿನ್ನನ್ನು ಹೇಗೆ ಮಾತನಾಡಿಸುತ್ತಾರಪ್ಪ? ನೀನು ಬೇರೆಯವರನ್ನು ಹೇಗೆ ಮಾತನಾಡಿಸುತ್ತೀಯ?"

ಇದೂ ಆರೋಗ್ಯಕ್ಕೆ ಸಂಬಂಧಿಸಿದ ಪ್ರಶ್ನೆಯೇ. ಹಿರಿಯೂರು ತಾಲ್ಲೂಕಿನ ಧರ್ಮಪುರದಂಥ ಗಡಿ ಭಾಗದ ಹೋಬಳಿಗಳಿಂದ ಹಿಡಿದು ಹೊಸದುರ್ಗ, ಹೊಳಲ್ಕೆರೆಯ ಹಳ್ಳಿಗಳವರೆಗೆ ಓದಿದ ಹುಡುಗ ಹುಡುಗಿಯರು ಇಂದು ಸಾಫ್ಟ್‌ವೇರ್ ಕಂಪನಿಗಳಲ್ಲಿ, ಕಾಲ್ ಸೆಂಟರುಗಳಲ್ಲಿ ದುಡಿಯುತ್ತಿದ್ದಾರೆ. ಅಲ್ಲಿ ಬೆನ್ನು ನೋವು, ಕಣ್ಣುರಿ, ಗ್ಯಾಸ್ಟ್ರಿಕ್ ಬರುವುದು ನಿಮಗೆ ಗೊತ್ತು. ಮಾತಿನಿಂದಲೂ ಕಾಯಿಲೆ ಬರುತ್ತದೆ, ಇರುವ ಕಾಯಿಲೆ ಉಲ್ಬಣಿಸುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಶರೀರದಲ್ಲಿ ಏನಾಗುತ್ತದೆ?

ಹತ್ತು ಜನರ ಎದುರು ಒಬ್ಬನನ್ನು ಹೀಯಾಳಿಸಿದಾಗ ಅವನ ಶರೀರ ಅದನ್ನು ಅಪಾಯವೆಂದೇ ಗ್ರಹಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಮುಂತಾದ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಜೋರಾಗುತ್ತದೆ, ರಕ್ತದ ಒತ್ತಡ ಏರುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಒಮ್ಮೆ ಹೀಗಾದರೆ ಸ್ವಲ್ಪ ಹೊತ್ತಿನಲ್ಲಿ ಎಲ್ಲ ತಹಬಂದಿಗೆ ಬರುತ್ತದೆ. ದಿನವೂ ಹೀಗೇ ಆದರೆ ನಿದ್ದೆ ಕೆಡುತ್ತದೆ, ಹಸಿವು ಏರುಪೇರಾಗುತ್ತದೆ, ತಲೆನೋವು ಅಂಟಿಕೊಳ್ಳುತ್ತದೆ. ಕ್ರಮೇಣ ಆತಂಕ, ಖಿನ್ನತೆಗೆ ದಾರಿಯಾಗಬಹುದು.

2003ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಚೆಂಡು ಎಸೆಯುವ ಒಂದು ಸರಳ ಆಟ. ಆಡುತ್ತಾ ಆಡುತ್ತಾ ಉಳಿದವರು ತಮ್ಮತಮ್ಮಲ್ಲೇ ಚೆಂಡು ಎಸೆದುಕೊಂಡು ಒಬ್ಬರನ್ನು ಕೈಬಿಡುತ್ತಾರೆ. ಆ ಹೊತ್ತಿನಲ್ಲಿ ಅವರ ಮಿದುಳಿನ ಚಿತ್ರ ತೆಗೆದಾಗ, ದೈಹಿಕ ನೋವಿನ ಸಂಕಟಕ್ಕೆ ಸಂಬಂಧಿಸಿದ ಭಾಗವೇ ಅಲ್ಲಿಯೂ ಚುರುಕಾಗಿದ್ದುದು ಕಂಡುಬಂತು. ನಮ್ಮ ಆಡುಮಾತಿನಲ್ಲಿ 'ಮಾತು ಚುಚ್ಚಿತು' ಎನ್ನುತ್ತೇವಲ್ಲ, ಅದು ಬರೀ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ.

ಖಿನ್ನತೆ ಮತ್ತು ಆತಂಕಗಳಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಅಂದಾಜು ಮಾಡಿವೆ. ಇದಕ್ಕೆ ಕಾರಣಗಳು ಹಲವು. ಕೆಲಸದ ಜಾಗದಲ್ಲಿ ನಡೆಯುವ ಅವಮಾನ, ತಾರತಮ್ಯಗಳೂ ಅವುಗಳಲ್ಲಿ ಸೇರಿವೆ.

'ಮೆಂಟಲ್' ಎಂಬ ಪದದ ಕಥೆ

ಬೆಂಗಳೂರಿನ ಯಾವುದೇ ಕಚೇರಿಯ ಕ್ಯಾಂಟೀನಿನಲ್ಲಿ ಕುಳಿತು ಕಿವಿಗೊಡಿ. 'ಅವನೊಬ್ಬ ಮೆಂಟಲ್', 'ನಮ್ಮ ಬಾಸ್ ಸೈಕೋ', 'ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು ಕಣೋ' ಎಂಬ ಮಾತುಗಳು ಕೇಳಿಬರುತ್ತವೆ. ಆಡುವವರಿಗೆ ಅದು ತಮಾಷೆ. ಪಕ್ಕದ ಮೇಜಿನಲ್ಲಿ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರೊಬ್ಬರು ಕುಳಿತಿದ್ದರೆ ಅವರಿಗೆ ಅದು ಎಚ್ಚರಿಕೆ. 'ನನ್ನ ವಿಷಯ ಇಲ್ಲಿ ಬಾಯಿ ಬಿಡಬಾರದು' ಎಂದು ಅವರು ಆ ಕ್ಷಣವೇ ತೀರ್ಮಾನಿಸುತ್ತಾರೆ.

ಈ ಪದದ ಹಿಂದೆ ಒಂದು ಇತಿಹಾಸವಿದೆ. 1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸಂಸ್ಥೆಯನ್ನು 'ಲುನಾಟಿಕ್ ಅಸೈಲಂ', ಅಂದರೆ ಹುಚ್ಚರ ಆಶ್ರಯಸ್ಥಾನ ಎಂದು ಕರೆಯುತ್ತಿದ್ದರು. ಆ ಹೆಸರು ರೋಗಿಗಳಿಗೆ ಕಳಂಕವೆಂದು ತಿಳಿದು 1925ರಲ್ಲಿ ಅದನ್ನು 'ಮೆಂಟಲ್ ಹಾಸ್ಪಿಟಲ್' ಎಂದು ಬದಲಿಸಲಾಯಿತು. ಅಂದು ಅದು ಗೌರವದ, ವೈದ್ಯಕೀಯವಾದ ಪದ. ಕಾಲ ಕಳೆದಂತೆ 'ಮೆಂಟಲ್' ಎನ್ನುವುದೇ ಬೈಗುಳವಾಯಿತು. 1974ರಲ್ಲಿ ನಿಮ್ಹಾನ್ಸ್ ಸ್ಥಾಪನೆಯಾಯಿತು. ಈಗ ಆ ಹೆಸರನ್ನೂ ಹಾಸ್ಯಕ್ಕೆ ಎಳೆದಿದ್ದೇವೆ. ಕಾನೂನಿನ ಹೆಸರುಗಳೂ ಹೀಗೆಯೇ ಬದಲಾಗಿವೆ. 1912ರ ಕಾಯಿದೆಯ ಹೆಸರಿನಲ್ಲಿ 'ಹುಚ್ಚು' ಎಂಬರ್ಥದ ಪದವಿತ್ತು, 1987ರ ಕಾಯಿದೆ ಮಾನಸಿಕ ಆರೋಗ್ಯ ಎಂದಿತು, 2017ರದು ಮಾನಸಿಕ ಆರೋಗ್ಯ ಆರೈಕೆ ಎಂದಿದೆ.

ಹಾಗಾದರೆ ಹೆಸರು ಬದಲಿಸಿ ಏನು ಪ್ರಯೋಜನ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಮನೋಭಾವ ಬದಲಾಗದಿದ್ದರೆ ಹೊಸ ಪದವೂ ಬೇಗ ಹಳಸುತ್ತದೆ. ಆದರೆ ಹಳೆಯ ಪದವನ್ನೇ ಉಳಿಸಿಕೊಂಡರೆ ಮನೋಭಾವ ಬದಲಾಗಲು ಎಡೆಯೇ ಸಿಗುವುದಿಲ್ಲ. ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ತೊಂದರೆ ಇದ್ದವರಲ್ಲಿ, ಕಾಯಿಲೆಯನ್ನು ಅವಲಂಬಿಸಿ, ಶೇಕಡಾ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವೈದ್ಯರ ಕೊರತೆ, ದೂರ, ಖರ್ಚು ಇವೆಲ್ಲ ಕಾರಣಗಳು. 'ಜನ ಏನಂದಾರು' ಎಂಬ ಅಂಜಿಕೆಯೂ ಒಂದು ದೊಡ್ಡ ಕಾರಣ. ಜನ ಏನೆನ್ನುತ್ತಾರೆ ಎಂಬುದನ್ನು ಬದಲಿಸುವುದು ನಮ್ಮ ನಿಮ್ಮ ಕೈಯಲ್ಲೇ ಇದೆ. ಅದಕ್ಕೆ ಹಣ ಬೇಕಿಲ್ಲ.

ಮುಚ್ಚಿಟ್ಟ ಮಾತ್ರೆ

ಮೂರ್ಛೆರೋಗದ ಉದಾಹರಣೆ ನೋಡಿ. ಫಿಟ್ಸ್ ಇರುವ ಒಬ್ಬ ಯುವಕ ಕೆಲಸಕ್ಕೆ ಸೇರುತ್ತಾನೆ ಎನ್ನಿ. ಊರಿನಲ್ಲಿ ಚಿಕ್ಕಂದಿನಿಂದ ಅಡ್ಡಹೆಸರು ಕೇಳಿ ನೊಂದವನು. ಕೊಠಡಿಯ ಗೆಳೆಯರಿಗೆ ತಿಳಿಯಬಾರದೆಂದು ಮಾತ್ರೆಗಳನ್ನು ಪೆಟ್ಟಿಗೆಯ ತಳದಲ್ಲಿ ಇಡುತ್ತಾನೆ. ಅವರೆದುರು ನುಂಗಲು ಸಂಕೋಚವಾಗಿ ಆಗಾಗ ತಪ್ಪಿಸುತ್ತಾನೆ. ಮೇಲೆ ರಾತ್ರಿ ಪಾಳಿ, ನಿದ್ದೆಗೇಡು. ಮಾತ್ರೆ ತಪ್ಪಿಸುವುದು, ನಿದ್ದೆಗೆಡುವುದು ಇವೆರಡೂ ಫಿಟ್ಸ್ ಮರುಕಳಿಸಲು ಮುಖ್ಯ ಕಾರಣಗಳು. ಒಂದು ದಿನ ಕಚೇರಿಯಲ್ಲೇ ಬಿದ್ದಾಗ ಸುತ್ತಲಿನವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ಯಾರೋ ಕಬ್ಬಿಣ ತರಲು ಓಡುತ್ತಾರೆ.

ಸರಿಯಾದ ಔಷಧಿಯನ್ನು ಕ್ರಮವಾಗಿ ತೆಗೆದುಕೊಂಡರೆ ಮೂರ್ಛೆರೋಗ ಇರುವವರಲ್ಲಿ ಶೇಕಡಾ 70ರಷ್ಟು ಮಂದಿ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೂರ್ಛೆರೋಗವನ್ನು ಮದುವೆಗೆ ಅಡ್ಡಿಯೆನ್ನುತ್ತಿದ್ದ ಅಂಶವನ್ನು ಹಿಂದೂ ವಿವಾಹ ಕಾಯಿದೆಯಿಂದ 1999ರಲ್ಲೇ ತೆಗೆದುಹಾಕಲಾಗಿದೆ. ಕಾನೂನು ಬಿಟ್ಟ ಪದವನ್ನು ನಮ್ಮ ನಾಲಗೆ ಇನ್ನೂ ಬಿಟ್ಟಿಲ್ಲ.

ಯಾರಿಗಾದರೂ ಫಿಟ್ಸ್ ಬಂದರೆ ನೆನಪಿಡಿ: ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದರಿಂದ ಉಪಯೋಗವಿಲ್ಲ. ಬಾಯಿಗೆ ಚಮಚ, ಬಟ್ಟೆ, ನೀರು ಏನನ್ನೂ ಹಾಕಬೇಡಿ. ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಅದುರುವಿಕೆ ನಿಂತ ಕೂಡಲೇ ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ, ಅಥವಾ ಒಂದರ ಹಿಂದೊಂದು ಬಂದರೆ, ಆಸ್ಪತ್ರೆಗೆ ಒಯ್ಯಿರಿ.

ಯಂತ್ರದೊಳಗಿನ ಒಡೆಯ, ಆಳು

ಕಂಪ್ಯೂಟರ್ ಕ್ಷೇತ್ರಕ್ಕೆ ತನ್ನದೇ ಆದ ಒಂದು ಪದಭಂಡಾರವಿದೆ. ಒಂದು ಯಂತ್ರ ಹೇಳಿದಂತೆ ಇನ್ನೊಂದು ಕೆಲಸ ಮಾಡಿದರೆ ಮೊದಲನೆಯದನ್ನು 'ಮಾಸ್ಟರ್' ಎಂದೂ ಎರಡನೆಯದನ್ನು 'ಸ್ಲೇವ್' ಎಂದೂ ಕರೆಯುತ್ತಿದ್ದರು. ಕನ್ನಡದಲ್ಲಿ ಹೇಳುವುದಾದರೆ ಒಡೆಯ ಮತ್ತು ಜೀತದಾಳು. ಜೀತ ಪದ್ಧತಿಯನ್ನು ನಿಷೇಧಿಸುವ ಕಾಯಿದೆ ಬಂದದ್ದು 1976ರಲ್ಲಿ. ಅಜ್ಜನೋ ಮುತ್ತಜ್ಜನೋ ಜೀತಕ್ಕಿದ್ದ ಮನೆಯ ಹುಡುಗಿ ಇಂದು ಇಂಜಿನಿಯರಾಗಿ ಆ ಪದವನ್ನು ದಿನಕ್ಕೆ ಹತ್ತು ಸಲ ಟೈಪು ಮಾಡಬೇಕಾದರೆ ಅವಳಿಗೆ ಹೇಗನ್ನಿಸಬಹುದು?

ಈ ಪದಗಳ ಬಗ್ಗೆ ಆಕ್ಷೇಪ ಹೊಸದಲ್ಲ. 2003ರಲ್ಲೇ ಅಮೆರಿಕದ ಲಾಸ್ ಏಂಜಲೀಸ್ ಜಿಲ್ಲಾಡಳಿತ ಇವನ್ನು ಬಳಸದಂತೆ ಉಪಕರಣ ಸರಬರಾಜುದಾರರನ್ನು ಕೋರಿತ್ತು. 'ಪೈಥಾನ್' ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ನಡೆಸುವವರು 2018ರಲ್ಲಿ ಇವನ್ನು ಕೈಬಿಡತೊಡಗಿದರು. 2020ರ ಜುಲೈನಲ್ಲಿ 'ಲಿನಕ್ಸ್' ತಂಡ ಹೊಸ ಪದಗಳ ಪಟ್ಟಿ ಒಪ್ಪಿಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಿಂದ 'ಗಿಟ್‌ಹಬ್' ತನ್ನಲ್ಲಿ ಹೊಸದಾಗಿ ತೆರೆಯುವ ಕಡತಗಳ ಮೂಲ ಶಾಖೆಗೆ 'ಮಾಸ್ಟರ್' ಬದಲು 'ಮೇನ್' ಎಂದು ಹೆಸರಿಟ್ಟಿತು. ಆಗಿನ ಟ್ವಿಟರ್ ಕಂಪನಿಯ ಇಂಜಿನಿಯರುಗಳು 2020ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 'ಮ್ಯಾನ್ ಅವರ್ಸ್' ಬದಲು 'ಪರ್ಸನ್ ಅವರ್ಸ್', 'ಸ್ಯಾನಿಟಿ ಚೆಕ್' ಬದಲು 'ಕ್ವಿಕ್ ಚೆಕ್' ಮುಂತಾದ ಸಲಹೆಗಳಿದ್ದವು. ಸ್ಯಾನಿಟಿ ಎಂದರೆ ಬುದ್ಧಿ ಸ್ವಸ್ಥವಾಗಿರುವುದು. ಲೆಕ್ಕ ಸರಿಯಿದೆಯೇ ಎಂದು ನೋಡುವುದಕ್ಕೆ ಹುಚ್ಚಿನ ಮಾತು ಏಕೆ ಎಂಬುದು ಅವರ ತರ್ಕ.

ಇದೆಲ್ಲ ಅತಿಯಾಯಿತು, ಪದ ಬದಲಿಸಿದ ಮಾತ್ರಕ್ಕೆ ಯಾರಿಗೂ ಕೆಲಸ ಸಿಗುವುದಿಲ್ಲ ಎನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಬೇಕಿಲ್ಲ. ಪದ ಬದಲಿಸಿ, ಗಾಲಿಕುರ್ಚಿಯವರಿಗೆ ಇಳಿಜಾರು ಹಾದಿ ಕಟ್ಟದ ಕಂಪನಿಯಿಂದ ಪ್ರಯೋಜನ ಕಡಿಮೆ. ಆದರೆ ಎದುರಿಗಿರುವ ವ್ಯಕ್ತಿಯನ್ನು ನೋಯಿಸುವ ಅಡ್ಡಹೆಸರಿನ ವಿಷಯದಲ್ಲಿ ಈ ವಾದ ನಡೆಯುವುದಿಲ್ಲ. ಯಂತ್ರಕ್ಕೆ ಏನು ಹೆಸರಿಟ್ಟರೂ ಅದಕ್ಕೆ ನೋವಿಲ್ಲ, ಮನುಷ್ಯನಿಗೆ ಇದೆ.

'ಹೊರಗೆ' ಎಂಬ ಮಾತು

ನಮ್ಮ ಸೀಮೆಯಲ್ಲಿ ಮುಟ್ಟಾದ ಹೆಣ್ಣುಮಗಳನ್ನು 'ಹೊರಗಾಗಿದ್ದಾಳೆ' ಎನ್ನುತ್ತೇವೆ. ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲವು ಹಟ್ಟಿಗಳಲ್ಲಿ ಇದು ಬರೀ ಮಾತಾಗಿ ಉಳಿದಿಲ್ಲ. ಮುಟ್ಟಾದವರನ್ನು, ಬಾಣಂತಿಯರನ್ನು ಊರ ಹೊರಗಿನ ಗುಡಿಸಿಲಿನಲ್ಲಿ ಇರಿಸುವ ಪದ್ಧತಿ ಪೂರ್ತಿ ಅಳಿದಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿದ್ದ ಬಾಣಂತಿಯ ಹಸುಗೂಸು ಚಳಿ ಮಳೆಗೆ ಸಿಲುಕಿ ತೀರಿಕೊಂಡದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಒಂದು ಪದದ ಹಿಂದೆ ಎಂಥ ಅಪಾಯ ಅಡಗಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಪಟ್ಟಣದ ಕಂಪನಿಗಳಲ್ಲಿ ಗುಡಿಸಿಲು ಇಲ್ಲ, ಮಾತು ಇದೆ. ಸಭೆಯಲ್ಲಿ ಗಟ್ಟಿಯಾಗಿ ತನ್ನ ಅಭಿಪ್ರಾಯ ಹೇಳಿದ ಹುಡುಗಿಗೆ 'ಇವತ್ತು ಪೀರಿಯಡ್ಸಾ?' ಎಂದು ಕೇಳಿ ನಗುವುದು ಕೂಡ ಅವಳನ್ನು ಹೊರಗೆ ಕೂರಿಸಿದಂತೆಯೇ. ಇಂಥ ಮಾತಿಗೆ ಅಂಜಿ ಎಷ್ಟೋ ಹೆಣ್ಣುಮಕ್ಕಳು ಅತಿಯಾದ ರಕ್ತಸ್ರಾವವಿದ್ದರೂ, ತಡೆಯಲಾರದ ಹೊಟ್ಟೆನೋವಿದ್ದರೂ ಯಾರಿಗೂ ಹೇಳದೆ ನೋವಿನ ಮಾತ್ರೆ ನುಂಗಿ ಕೂರುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಏಳು ದಿನಕ್ಕಿಂತ ಹೆಚ್ಚು ಸ್ರಾವ, ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾದ ಸ್ಥಿತಿ, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ವೈದ್ಯರಿಗೆ ತೋರಿಸಲೇಬೇಕು. ಮನೆಯಲ್ಲಿ 'ಮುಟ್ಟು' ಎಂಬ ಪದವನ್ನು ಸಹಜವಾಗಿ ಆಡುವ ಹುಡುಗಿಗೆ ಕಚೇರಿಯಲ್ಲೂ ರಜೆ ಕೇಳುವ ಧೈರ್ಯ ಬರುತ್ತದೆ.

ಅವನು, ಅವಳು, ಅವರು

ಎಲ್ಲರನ್ನೂ ಒಳಗೊಳ್ಳುವ ಭಾಷೆಗಾಗಿ ಇಂಗ್ಲಿಷಿನವರು ಹೆಣಗಾಡುತ್ತಿದ್ದಾರೆ. ಕನ್ನಡಕ್ಕೆ ಅದು ಅಷ್ಟು ಕಷ್ಟವಲ್ಲ. ಗಂಡು, ಹೆಣ್ಣು ಎಂಬ ಭೇದವಿಲ್ಲದ, ಜೊತೆಗೆ ಗೌರವವನ್ನೂ ಸೂಚಿಸುವ 'ಅವರು' ಎಂಬ ಪದ ನಮ್ಮಲ್ಲಿ ಮೊದಲಿನಿಂದ ಇದೆ. 'ಹೊಸ ಇಂಜಿನಿಯರ್ ಬಂದ' ಎನ್ನುವ ಬದಲು 'ಬಂದರು' ಎಂದರೆ ಯಾರೂ ಹೊರಗುಳಿಯುವುದಿಲ್ಲ.

ಇನ್ನೊಂದು ಪದದ ಬಗ್ಗೆ ಎಚ್ಚರ ಬೇಕು. ಮನೆಯ ಮಗುವನ್ನು 'ಅದು ಮಲಗಿದೆ' ಎನ್ನುವುದರಲ್ಲಿ ಪ್ರೀತಿಯಿದೆ. ಅದೇ 'ಅದು' ಎಂಬ ಪದವನ್ನು ಲಿಂಗತ್ವ ಅಲ್ಪಸಂಖ್ಯಾತರಿಗೆ ಬಳಸಿದಾಗ ಅವರನ್ನು ವಸ್ತುವಿನ ಸಾಲಿಗೆ ಸೇರಿಸಿದಂತಾಗುತ್ತದೆ. ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ಅವರ ಗುರುತನ್ನು ಮಾನ್ಯ ಮಾಡಿತು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರಂಥವರನ್ನು ಹೇಗೆ ಕರೆಯಬೇಕೆಂಬ ಗೊಂದಲವಿದ್ದರೆ ಸುಲಭ ಉಪಾಯವಿದೆ: ಅವರು ತಮ್ಮನ್ನು ಹೇಗೆ ಕರೆದುಕೊಳ್ಳುತ್ತಾರೋ ಹಾಗೆ ಕರೆಯಿರಿ.

ದೇಹದ ನ್ಯೂನತೆ ಇರುವವರ ವಿಷಯಕ್ಕೂ ಇದೇ ಸೂತ್ರ. ಕುಂಟ, ಕುರುಡ, ಮೂಗ ಎಂಬ ಪದಗಳ ಬದಲು ಅಂಗವಿಕಲ ಬಂತು, ಆಮೇಲೆ ವಿಕಲಚೇತನ, ವಿಶೇಷ ಚೇತನ ಬಂದವು, ಈಗ ದಿವ್ಯಾಂಗ ಎಂಬುದೂ ಇದೆ. 'ನಮ್ಮಲ್ಲಿ ದಿವ್ಯವಾದದ್ದೇನೂ ಇಲ್ಲ, ಮೊದಲು ಬಸ್ಸು ಹತ್ತಲು ಅನುಕೂಲ ಮಾಡಿಕೊಡಿ' ಎಂದು ಈ ಕೊನೆಯ ಪದವನ್ನು ಒಪ್ಪದವರೂ ಉಂಟು. ಯಾವ ಪದ ಇಷ್ಟವೆಂದು ಅವರನ್ನೇ ಕೇಳುವುದು ಉತ್ತಮ. ಅದಕ್ಕಿಂತ ಉತ್ತಮ, ಅವರ ಹೆಸರು ಹಿಡಿದು ಕರೆಯುವುದು.

ಇಂಗ್ಲಿಷಿನ ಅಂಜಿಕೆ

ಧರ್ಮಪುರ ಭಾಗದಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯದು ಕನ್ನಡ. ಇಂಥ ಹುಡುಗ ಎರಡು ಭಾಷೆ ಬಲ್ಲವನು. ಕಂಪನಿಗೆ ಹೋದಾಗ ಮಾತ್ರ ಮೂರನೆಯದಾದ ಇಂಗ್ಲಿಷ್ ಬಾರದವನೆಂದು ಎಣಿಸಲ್ಪಡುತ್ತಾನೆ. ಉಚ್ಚಾರ ಅಣಕಿಸುವುದು, 'ಹಳ್ಳಿ ಗಮಾರ' ಎನ್ನುವುದು ನಡೆದರೆ ಅವನು ಸಭೆಗಳಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಸಭೆಯ ಹಿಂದಿನ ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಹೊಟ್ಟೆ ತೊಳಸುತ್ತದೆ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ. ಇವು ಆತಂಕದ ಲಕ್ಷಣಗಳು. ಹೊಟ್ಟೆಗೆ ಮಾತ್ರೆ ಕೊಟ್ಟರೆ ಹೋಗುವಂಥವಲ್ಲ. ಸಭೆಯಲ್ಲಿ ಸರಳ ಪದಗಳನ್ನು ಬಳಸುವುದು, ಗಡಿಬಿಡಿ ಮಾಡದೆ ಮಾತು ಮುಗಿಸಲು ಬಿಡುವುದು, ಬರವಣಿಗೆಯಲ್ಲಿ ಉತ್ತರಿಸಲು ಅವಕಾಶ ಕೊಡುವುದು ಕೂಡ ಒಳಗೊಳ್ಳುವ ಭಾಷೆಯ ಭಾಗವೇ. ತೊದಲು ಇರುವವರಿಗೂ ಇದರಿಂದ ಬಹಳ ಸಹಾಯವಾಗುತ್ತದೆ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯಿದೆ 2016ರಲ್ಲಿ 21 ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಲಾಗಿದೆ. ಮಾನಸಿಕ ಕಾಯಿಲೆಯೂ ಅದರಲ್ಲಿದೆ. ವಿಕಲಚೇತನರನ್ನು ಸಾರ್ವಜನಿಕರ ಕಣ್ಣೆದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಶಿಕ್ಷೆ ಮತ್ತು ದಂಡಕ್ಕೆ ಈ ಕಾಯಿದೆಯಲ್ಲಿ ಅವಕಾಶವಿದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಲ್ಲಿ ಅಶ್ಲೀಲ ಅರ್ಥದ ಮಾತುಗಳೂ ಕಿರುಕುಳವೆನಿಸುತ್ತವೆ. ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ದೂರು ಸಮಿತಿ ಇರಲೇಬೇಕು; ಸಾಮಾನ್ಯವಾಗಿ ಮೂರು ತಿಂಗಳೊಳಗೆ ದೂರು ಕೊಡಬೇಕು. ಎಚ್‌ಐವಿ ಸೋಂಕಿತರನ್ನು ಉದ್ಯೋಗದಲ್ಲಿ ತಾರತಮ್ಯದಿಂದ ನಡೆಸಿಕೊಳ್ಳುವುದನ್ನು 2017ರ ಕಾಯಿದೆ ನಿಷೇಧಿಸುತ್ತದೆ.

ನೀವು ಏನು ಮಾಡಬಹುದು?

* ಕಚೇರಿಯ ಭಾಷೆ ಮನೆಯಲ್ಲೇ ರೂಪುಗೊಳ್ಳುತ್ತದೆ. ಮಕ್ಕಳ ಎದುರು ನೆರೆಯವರನ್ನು ಬಣ್ಣ, ಎತ್ತರ, ದಪ್ಪ, ಕಾಯಿಲೆ, ಜಾತಿ ಹಿಡಿದು ಕರೆಯಬೇಡಿ.

* ರೋಗವನ್ನು ಮನುಷ್ಯನ ಹೆಸರಾಗಿಸಬೇಡಿ. 'ಸಕ್ಕರೆ ಕಾಯಿಲೆ ಇರುವವರು', 'ಫಿಟ್ಸ್ ಬರುವವರು' ಎನ್ನಿ. ಕಾಯಿಲೆ ಅವರ ಬದುಕಿನ ಒಂದು ಭಾಗ ಮಾತ್ರ.

* ಮಗ, ಮಗಳು ಕೆಲಸಕ್ಕೆ ಹೋಗಲು ಹಿಂಜರಿದರೆ, ಭಾನುವಾರ ಸಂಜೆಯಾದರೆ ಮಂಕಾದರೆ, ನಿದ್ದೆ ಊಟ ಎರಡು ವಾರಕ್ಕಿಂತ ಹೆಚ್ಚು ಕೆಟ್ಟಿದ್ದರೆ 'ಸೋಮಾರಿ', 'ಪುಕ್ಕಲು' ಎನ್ನಬೇಡಿ. ಕೂರಿಸಿಕೊಂಡು ಕೇಳಿ. ಬುದ್ಧಿ ಹೇಳುವುದನ್ನು ಮಾರನೆಯ ದಿನಕ್ಕೆ ಇಟ್ಟುಕೊಳ್ಳಿ.

* ನಿಮ್ಮ ಮಕ್ಕಳೇ ಬೇರೆಯವರನ್ನು ಹೀಯಾಳಿಸಿದ್ದು ತಿಳಿದರೆ ನಕ್ಕು ಸುಮ್ಮನಾಗಬೇಡಿ. ಎದುರಿನವರಿಗೆ ಏನನ್ನಿಸಿರಬಹುದು ಎಂದು ಕೇಳಿ.

* ನೋಯಿಸುವ ಮಾತು ಮತ್ತೆ ಮತ್ತೆ ಬಂದರೆ ದಿನಾಂಕ, ಮಾತು, ಎದುರಿಗಿದ್ದವರ ಹೆಸರು ಬರೆದಿಟ್ಟುಕೊಳ್ಳಲು ಹೇಳಿ. ಮುಂದೆ ದೂರು ಕೊಡಬೇಕಾದರೆ ಬೇಕಾಗುತ್ತದೆ.

* ನಿತ್ಯ ಔಷಧಿ ತೆಗೆದುಕೊಳ್ಳುವವರು ಕಚೇರಿಯಲ್ಲಿ ನಂಬಿಕೆಯ ಒಬ್ಬರಿಗಾದರೂ ವಿಷಯ ತಿಳಿಸಿರುವುದು ಕ್ಷೇಮ. ಆದರೆ ಹೇಳಬೇಕೇ ಬೇಡವೇ ಎಂಬ ತೀರ್ಮಾನ ಅವರದೇ.

ಸಹಾಯಕ್ಕೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಎಂಬತ್ತರ ದಶಕದಲ್ಲಿ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಿಂದ ದೇಶದಲ್ಲಿ ಜಾರಿಗೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ 'ಟೆಲಿ ಮನಸ್' ಸಹಾಯವಾಣಿಗೆ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತನಾಡಬಹುದು. 'ಸಾಯಬೇಕೆನಿಸುತ್ತದೆ' ಎಂಬ ಮಾತು ಮಕ್ಕಳ ಬಾಯಲ್ಲಿ ಬಂದರೆ ತಮಾಷೆಯೆಂದು ಬಿಡದೆ, ಒಂಟಿಯಾಗಿ ಇರಗೊಡದೆ, ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ ಹಿರಿಯರು. ಒಲೆಯ ತೂತನ್ನು ಮಣ್ಣಿನಿಂದ ಮುಚ್ಚುತ್ತೇವೆ. ಮಾತಿನ ತೂತಿಗೂ ಅಷ್ಟೇ ಸುಲಭದ ಮದ್ದುಂಟು. ಈ ವಾರ ಮಕ್ಕಳು ಫೋನು ಮಾಡಿದಾಗ ಊಟ, ನಿದ್ದೆಯ ಜೊತೆಗೆ ಆ ಇನ್ನೊಂದು ಪ್ರಶ್ನೆಯನ್ನೂ ಕೇಳಿ ನೋಡಿ. ಉತ್ತರ ಬರಲು ಸ್ವಲ್ಪ ತಡವಾಗಬಹುದು, ಕಾಯಿರಿ.